ಅತ್ತೆಯ ದಮ್ಮು

ಮೊನ್ನೆ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ನನ್ನ ಬಿಡದ ಕೆಮ್ಮು ತೋರಿಸಲು ಸರದಿಯಲ್ಲಿ ಕೂತಿದ್ದಾಗ ಆಯಾ ನೆಲಕ್ಕೆ ಫಿನೈಲ್ ಸುರಿದಳು. ಆ ವಾಸನೆಗೆ, ಈಗಿಲ್ಲದ ನಮ್ಮ ಮನೆಯ ಪಡಸಾಲೆ ಕಣ್ಣೆದುರು ಬಂದು ನಿಂತಿತು. ಅಪ್ಪ ಎದೆರೋಗದ ಡಾಕ್ಟರು. ಆ ಕಾಲಕ್ಕೆ ಸುತ್ತಮುತ್ತ ಅಂಥವರು ಬೇರೆ ಇರಲಿಲ್ಲ. ಸಂಡೂರಿನ ಗಣಿಯವರು ಕೆಂಪು ಧೂಳಿನ ಕಾಲಲ್ಲಿ, ಎಮ್ಮಿಗನೂರಿನವರು ಗದ್ದೆಯ ಕೆಸರುಗಾಲಲ್ಲಿ ಬಂದು ಕೂತು ಕೆಮ್ಮುತ್ತಿದ್ದರು. ಉಗುಳುವ ಡಬ್ಬಿಗಳಿಗೆ ಫಿನೈಲ್ ಹಾಕಿಡುವುದು ಅಮ್ಮನ ಪಾಲಿನ ಕೆಲಸ. ಅಪ್ಪ ರೋಗಿಯ ಬೆನ್ನಿನ ಮೇಲೆ ಬೆರಳಿಟ್ಟು ಟಕಟಕ ಬಡಿದು, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಸಂತೆಯಲ್ಲಿ ಕಲ್ಲಂಗಡಿ ಕೊಳ್ಳುವಾಗಲೂ ಹಾಗೇ ಬಡಿಯುತ್ತಾರೆಂದು ಅಮ್ಮ ನಗುತ್ತಿದ್ದಳು. ಕ್ಷಯವೆಂಬ ಮಾತು ಮಾತ್ರ ಅವರ ಬಾಯಿಂದ ಬರುತ್ತಿರಲಿಲ್ಲ. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಿದ್ದ ಕಾಲ. ಅದಕ್ಕೇ ಎಲ್ಲರಿಗೂ ಒಂದೇ ಮಾತು: "ದಮ್ಮು ಐತಿ. ಒಂದೂವರೆ ವರ್ಷ ಗುಳಿಗಿ ತಪ್ಪಸಬ್ಯಾಡ್ರಿ."

ಕಂಪ್ಲಿಗೆ ಕೊಟ್ಟಿದ್ದ ನನ್ನ ಸೋದರತ್ತೆ ಸುಶೀಲಾ, ಅಪ್ಪನ ಒಬ್ಬಳೇ ತಂಗಿ, ಕೆಮ್ಮುತ್ತಾ ತವರಿಗೆ ಬಂದಾಗ ಜೊತೆಗೆ ಬಂದ ಅವಳ ಅತ್ತೆಗೂ ಅದನ್ನೇ ಹೇಳಿದರು. "ಕೆಟ್ಟ ಬ್ಯಾನಿ ಅಲ್ಲಲ್ರೀ?" ಎಂದು ಆಕೆ ಕೇಳಿದರೆ, "ಛೆ, ಬರೇ ದಮ್ಮು" ಎಂದು ನಕ್ಕರು. ತಂಗಿಗೂ ನಿಜ ಹೇಳಲಿಲ್ಲ. ಅವಳ ಬಾಯಲ್ಲಿ ಗುಟ್ಟು ನಿಲ್ಲದೆಂಬ ಭಯ. ಮೂರು ತಿಂಗಳು ಸುಶೀಲತ್ತೆ ನಮ್ಮಲ್ಲೇ ಇದ್ದಳು. ನನ್ನ ತಲೆ ಬಾಚುತ್ತಾ, "ಏನ್ ಕೂದಲಾ ಲೇ ಇದು, ಕತ್ತಾಳಿ ನಾರು!" ಎಂದು ಬೈಯುತ್ತಿದ್ದಳು. ಕೆಮ್ಮು ನಿಂತು, ಮೈ ತುಂಬಿಕೊಂಡು, ಗುಳಿಗೆಯ ಡಬ್ಬಿ ಹಿಡಿದು ಕಂಪ್ಲಿಗೆ ಹೋದಳು. ಹೋದವಳೇ ಗುಳಿಗೆ ಬಿಟ್ಟಳು. ದಮ್ಮು ಎದ್ದರೆ ಔಷಧ, ಇಲ್ಲದಿದ್ದರೆ ಯಾಕೆ? ಊರಿಗೆಲ್ಲ ಗೊತ್ತಿದ್ದದ್ದು ಅಷ್ಟೇ.

ವರ್ಷ ತುಂಬುವುದರೊಳಗೆ ಸೆರಗಿಗೆ ರಕ್ತ ಅಂಟಿಸಿಕೊಂಡು ಮರಳಿದಳು. ಅಪ್ಪನಿಗೆ ಗೊತ್ತಿದ್ದ ಯಾವ ಔಷಧವೂ ನಾಟಲಿಲ್ಲ. ಕೊನೆಗೆ ನಿಜ ಹೇಳಿದಾಗ ಅವಳು ಬೈಯಲೂ ಇಲ್ಲ. "ನನಗರ ಹೇಳಬೇಕಿತ್ತಣ್ಣ. ಗುಳಿಗಿ ಬಿಡತಿದ್ದಿಲ್ಲ ನಾ" ಎಂದಳು. ಅವಳು ತೀರಿಹೋದ ಮೇಲೆ ಅಪ್ಪ ಬಂದವರಿಗೆಲ್ಲ ರೋಗದ ಹೆಸರನ್ನು ಗಟ್ಟಿಯಾಗಿ ಹೇಳತೊಡಗಿದರು. "ಬಾಯಿ ಸುಡ್ಲಿ ಈ ಡಾಕ್ಟ್ರದು" ಎಂದು ಜನ ಶಪಿಸಿ ಎದ್ದು ಹೋದರು. ಪಡಸಾಲೆ ಖಾಲಿಯಾಯಿತು. ಅಪ್ಪ ಕಲ್ಲಂಗಡಿ ಕೊಳ್ಳುವುದನ್ನೂ ಬಿಟ್ಟರು.

ನನ್ನ ಸರದಿ ಬಂತು. ನನ್ನ ಮಗಳ ವಯಸ್ಸಿನ ಡಾಕ್ಟರು ಪೆನ್ನು ಹಿಡಿದು ಕೇಳಿದರು: "ಮನ್ಯಾಗ ಯಾರಿಗರ ಟಿ.ಬಿ. ಇತ್ತೇನ್ರಿ ಅಮ್ಮಾ?"

ಎಲ್ಲ ಬಲ್ಲ ನನ್ನ ಈ ಹಾಳು ಬಾಯಿ ತಾನಾಗಿ ತೆರೆಯಿತು.

"ಇಲ್ಲವ್ವ. ನಮ್ಮ ಸೋದರತ್ತಿಗೆ ದಮ್ಮಿತ್ತು, ಅಷ್ಟ."