ಮೊದಲು ಹಾರ, ಆಮೇಲೆ ಮಾತು

ಗದ್ದೆಮ್ಮನಿಗೆ ಬೇಕಾಗಿದ್ದುದು ಒಂದು ಸೈರನ್. ಗೊರೇಬಾಳದ ಕಾಲುವೆಗೆ ನೀರು ಬಿಡುವ ಮುಂಚೆ ಅದು ಕೂಗಬೇಕು, ಅಷ್ಟೇ. ಮೊದಲೆಲ್ಲ ಗೇಟಿನ ದುರುಗಪ್ಪ ದಂಡೆಯುದ್ದಕ್ಕೂ ಸೈಕಲ್ ತುಳಿಯುತ್ತ "ನೀರ್ ಬಂತು, ಮ್ಯಾಲ ಬರ್ರೇ" ಎಂದು ಒದರುತ್ತಿದ್ದ. ಗೇಟುಗಳು ಫೋನಿನಿಂದ ತೆರೆಯತೊಡಗಿದ ಮೇಲೆ ಅವನನ್ನು ಮನೆಗೆ ಕಳಿಸಿದರು. ಹೋದ ವರ್ಷ ಯಾರೂ ಒದರದೆ ನೀರು ಬಂತು. ಗದ್ದೆಮ್ಮನ ಮಗಳು ಭಾರತಿ ಬಟ್ಟೆ ಒಗೆಯುತ್ತಿದ್ದಳು; ಅವಳನ್ನು ಎಳೆದುಕೊಂಡು ಹೋಯಿತು.

ಗೇಟಿನ ಕಂಪನಿಯ ಯಜಮಾನ ಸಿದ್ದಲಿಂಗೇಶ, ಲಿಂಗಸುಗೂರಿನ ಅಂಗಡಿಕಾರರ ಮನೆತನದವನು. ದೇಶದೇಶದ ಮಂತ್ರಿಗಳ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳುವ ಆಸಾಮಿ. ಅಂಥ ಒಬ್ಬ ವಿದೇಶಿ ಮಂತ್ರಿಗೆ ಗೇಟು ಮಾರಲು ಅವನನ್ನು ಗೊರೇಬಾಳಕ್ಕೇ ಕರೆತಂದ. ಜನ ಬೇಕಲ್ಲ? ಮಸ್ಕಿಯಿಂದ ಟೆಂಪೊಗಳಲ್ಲಿ ತುಂಬಿ ತಂದರು. ಮಾತಾಡಲು ಊರವರು ಗದ್ದೆಮ್ಮನನ್ನು ಮುಂದೆ ಮಾಡಿದರು. ತಾಲೂಕು ಕಚೇರಿ ಮುಂದೆ ಧರಣಿ ಕೂತೇ ತಲೆ ನರೆತ ಹೆಂಗಸು.

ಅವಳ ಕೈಯಲ್ಲಿ ಹಾರ ಕಂಡು ತಮ್ಮ ಲಕ್ಷ್ಮಣ ಉರಿದುಬಿದ್ದ.

"ಹಾರ ಯಾಕಬೇ ಅಕ್ಕಾ? ಮಗಳನ್ನ ನುಂಗಿದವರಿಗೆ?"

"ಊರಿಗೆ ಬಂದಾರ. ಮೊದ್ಲು ಮರ್ಯಾದಿ, ಆಮ್ಯಾಲ ಮಾತು. ಎಷ್ಟು ಸಾಹೇಬರನ್ನ ಹಿಂಗ ಕುಂದರಿಸಿ ಬೈದಿಲ್ಲ ನಾವು?"

ನಿಜ. ಚಳವಳಿಯ ಪದ್ಧತಿಯೇ ಹಾಗಿತ್ತು. ಹಾರ ಹಾಕಿಸಿಕೊಂಡ ಅಧಿಕಾರಿ ಅಹವಾಲು ಕೇಳದೆ ಎದ್ದುಹೋಗಲು ನಾಚುತ್ತಿದ್ದ.

ಹಾಕಿದಳು. ಮಂತ್ರಿ ಕೈಮುಗಿದ. ಕ್ಯಾಮೆರಾಗಳು ಮಿಂಚಿದವು, ಟೆಂಪೊದ ಜನ ಚಪ್ಪಾಳೆ ತಟ್ಟಿದರು. "ಯಪ್ಪಾ, ನನ್ನ ಮಗಳು..." ಅನ್ನುವಷ್ಟರಲ್ಲಿ ಸಿದ್ದಲಿಂಗೇಶ ಭುಜ ಹಿಡಿದು ಅವಳನ್ನು ಪಕ್ಕಕ್ಕೆ ಸರಿಸಿದ. "ಆಮ್ಯಾಲ ಮಾತಾಡೂಣ್ರಿ ಯವ್ವಾ."

ಮಂತ್ರಿ ಫೋನಿನ ಮೇಲೆ ಬೆರಳಿಟ್ಟ. ಗೇಟು ಎದ್ದಿತು. ಭಾರತಿಯ ಒಗೆಯುವ ಕಲ್ಲು ಗದ್ದೆಮ್ಮನ ಕಣ್ಣೆದುರೇ ಮುಳುಗಿತು. ಮತ್ತೆ ಚಪ್ಪಾಳೆ. ಕಾರುಗಳು ಹೋದವು. ಹಾರ ಕುರ್ಚಿಯ ಮೇಲೆಯೇ ಉಳಿದಿತ್ತು.

ಈಗ ಸಿಂಧನೂರು ಬಸ್ ನಿಲ್ದಾಣದ ಎದುರು ದೊಡ್ಡ ಬೋರ್ಡು: ಹಾರ ಹಾಕುತ್ತಿರುವ ಗದ್ದೆಮ್ಮ, ಹಲ್ಲು ಬಿಟ್ಟ ಮಂತ್ರಿ, ನಡುವೆ ಸಿದ್ದಲಿಂಗೇಶ. ಕೆಳಗೆ, "ನೀರು ಕಂಡ ತಾಯಿಯ ಧನ್ಯವಾದ." ಅದನ್ನು ನೋಡಿ ಬಂದ ದಿನದಿಂದ ಲಕ್ಷ್ಮಣ ಅಕ್ಕನ ಜತೆ ಮಾತು ಬಿಟ್ಟಿದ್ದಾನೆ.

ಅವಳು ಸ್ಟೀಲಿನ ಗಂಗಾಳ, ಸೌಟು ಹಿಡಿದು ಕಾಲುವೆ ದಂಡೆಯ ಮೇಲೆ ಕೂರುತ್ತಾಳೆ. ನೀರು ಯಾವಾಗ ಬಿಡುತ್ತಾರೋ ತಿಳಿಯದು. ಹಾಗಾಗಿ ಬೆಳಗಿನಿಂದ ಬಾರಿಸುತ್ತಲೇ ಇರುತ್ತಾಳೆ. ಒಗೆಯಲು ಬಂದ ನೆರೆಮನೆಯ ರೂಪಾ ಒಂದು ದಿನ ರೇಗಿದಳು.

"ಸಾಕ್ ಮಾಡಬೇ, ಕಿವಿ ತೂತ ಬಿದ್ದಾವ. ನೀರು ಎಲ್ಲಿ ಬಂದೈತಿ?"

"ಬಂದಿಲ್ಲ," ಅಂದಳು ಗದ್ದೆಮ್ಮ. "ಮ್ಯಾಲ ಬಾ."