ನೀಲಿ ಜರುಗಿದ ಸೇತುವೆ

ಕೊಲಿಂಡೇಲ್‌ನ ನಮ್ಮ ಫ್ಲ್ಯಾಟಿನ ಗೋಡೆಗೆ ಹಾಕೋಣವೆಂದು ಮೊನ್ನೆ ಆ ಹಳೆಯ ಚಿತ್ರದ ಹಿಂಬದಿಯ ರಟ್ಟು ಬಿಚ್ಚಿದೆ. ಕರ್ಪೂರದ ವಾಸನೆ ಬಂತು. ಹುಳ ಹಿಡಿಯಬಾರದೆಂದು ಅತ್ತಿ ಇಟ್ಟಿದ್ದ ಬಿಲ್ಲೆ ಎಂದೋ ಕರಗಿಹೋಗಿದೆ, ವಾಸನೆಗೆ ಮಾತ್ರ ಹೋಗಲು ಮನಸ್ಸಿಲ್ಲ. ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ, ಧಾರವಾಡದವರು. ಈ ದೇಶಕ್ಕೆ ಬಂದ ಮೇಲೆ ಫೆಲ್ಥಮ್‌ನಲ್ಲಿ ಆಗಿನ ನಮ್ಮ ಮನೆಯಲ್ಲೇ ಇದ್ದು, ವಿಮಾನದ ಊಟದ ಟ್ರೇ ತುಂಬುವ ಕೆಲಸಕ್ಕೆ ಹೋಗುತ್ತಿದ್ದರು. ಒದ್ದೆ ಕೋಟು, ಬೆಳ್ಳುಳ್ಳಿ ಒಗ್ಗರಣೆ ಎರಡೂ ಬೆರೆತು ನಾರುತ್ತಿದ್ದ ಆ ಮನೆಯ ಪ್ಯಾಸೇಜಿನಲ್ಲೇ ಈ ಚಿತ್ರ ಇದ್ದದ್ದು. ಆ ಮನೆ ಈಗ ಯಾರದೋ.

ಜಪಾನಿನ ಹೆಸರಾಂತ ತಾಣಗಳನ್ನು ಮರದ ಅಚ್ಚಿನಲ್ಲಿ ಒತ್ತಿದ ಚಿತ್ರಗಳಿರುತ್ತವಲ್ಲ, ಅಂಥದ್ದೊಂದು. ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಅತ್ತಿ ಕೊಂಡದ್ದು. ದೂರದಲ್ಲಿ ಹಿಮದ ಬೆಟ್ಟ, ಓರೆಯಾಗಿ ಸುರಿವ ಮಳೆ, ಕಮಾನು ಸೇತುವೆಯ ನಡುವೆ ಹುಲ್ಲಿನ ಟೋಪಿಯ ಒಬ್ಬ ಮನುಷ್ಯ. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ನೀಲಿಯ ಅಚ್ಚು ಎಳ್ಳಷ್ಟು ಜರುಗಿ, ಅವನ ಮಗ್ಗುಲಿಗೆ ಅವನದೇ ಆಕಾರದ ಇನ್ನೊಬ್ಬ ಮೂಡಿದ್ದ. ಮುದ್ರಣದ ತಪ್ಪೆಂದು ಅಪ್ಪ ಎಷ್ಟು ಹೇಳಿದರೂ ಅತ್ತಿ ಒಪ್ಪಲಿಲ್ಲ. “ಇಬ್ರದಾರ. ಒಬ್ಬಾಂವ ಹೋಗಾಂವ, ಇನ್ನೊಬ್ಬಾಂವ ಬರಾಂವ,” ಅನ್ನುತ್ತಿದ್ದರು. ಹೊರಡುವಾಗ ಬರೀ ‘ಹೋಗ್ತೇನಿ’ ಅನ್ನಬಾರದೆಂದು ನಿಮ್ಮ ಮನೆಯಲ್ಲೂ ಹೇಳಿರಬೇಕು. ಅತ್ತಿ ಸ್ಕೂಲಿಗೆ ಹೊರಟ ನನ್ನಿಂದ ದಿನವೂ ಆ ಇಬ್ಬರ ಮುಂದೆ ‘ಹೋಗಿ ಬರ್ತೇನಿ’ ಅನ್ನಿಸಿ, ತಾವೇ ಅವರ ಪರವಾಗಿ ‘ಹೋಗಿ ಬಾ’ ಅನ್ನುತ್ತಿದ್ದರು.

ನನಗೆ ಹನ್ನೊಂದು ವರ್ಷವಿದ್ದಾಗ ಒಂದು ಬೆಳಿಗ್ಗೆ ಗೆಳತಿಯ ಎದುರೇ ಹಾಗೆ ಅನ್ನಿಸಿದರು. ಅವಳು ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿದು, ಅತ್ತಿಯ ಜೊತೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ಬೆಳಿಗ್ಗೆ ಅವರಿಗೆ ಆಸ್ಪತ್ರೆಯಲ್ಲಿ ಆಪರೇಷನ್ ಇತ್ತು; ಅಪ್ಪ ಹೊರಗೆ ಕಾರು ಸ್ಟಾರ್ಟ್ ಮಾಡಿದ್ದರು. ಅತ್ತಿ ಚಿತ್ರದ ಕೆಳಗೆ ನಿಂತು, “ಹೋಗಿ ಬರ್ತೇನಿ ತಂಗಿ,” ಎಂದರು. ಷೂ ಲೇಸ್ ಕಟ್ಟುತ್ತಿದ್ದ ನಾನು ತಲೆಯೆತ್ತದೆ, “ಹೋಗ್ರಿ,” ಎಂದೆ. ಅಷ್ಟೇ. ಉಳಿದ ಮಾತಿಗಾಗಿ ಅವರು ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದೆ. ಬಾಗಿಲು ಮುಚ್ಚಿಕೊಂಡಿತು. ಅತ್ತಿ ತಿರುಗಿ ಬರಲಿಲ್ಲ.

ನನ್ನ ಮಾತಿಗೂ ಅವರ ಸಾವಿಗೂ ಸಂಬಂಧವಿಲ್ಲ. ತಿಳಿದಿದ್ದರೇನು, ಇವತ್ತಿಗೂ ಯಾವ ಮನೆಯಿಂದ ಹೊರಡುವಾಗಲೂ ಬೆನ್ನ ಹಿಂದೆ ಯಾರೋ ಉತ್ತರಕ್ಕೆ ಕಾದು ನಿಂತಂತೆ ಅನಿಸಿ ಒಮ್ಮೆ ತಿರುಗಿ ನೋಡುತ್ತೇನೆ. ಈ ಬೆಳಿಗ್ಗೆ ಚಿತ್ರವನ್ನು ಗೋಡೆಗೇರಿಸಿ, ಇಬ್ಬರ ಕಥೆಯನ್ನು ಮಗಳಿಗೆ ಹೇಳಿದೆ. ಅವಳು ಹತ್ತಿರ ಹೋಗಿ ನೋಡಿದಳು. “ಮಮ್, ದೇರ್ಸ್ ಓನ್ಲಿ ಒನ್,” ಎಂದಳು. ನಿಜ. ಅಷ್ಟು ವರ್ಷ ಪ್ಯಾಸೇಜಿನ ಬಾಗಿಲ ಗಾಜಿನಿಂದ ಬಿದ್ದ ಬಿಸಿಲಿಗೆ ನೀಲಿ ಮಾಸಿ ಇನ್ನೊಬ್ಬ ಅಳಿಸಿಹೋಗಿದ್ದ. ಅವಳು ‘ಬೈ’ ಎಂದು ಬ್ಯಾಗು ಹೆಗಲಿಗೇರಿಸಿದಾಗ, “ಹೋಗಿ ಬಾ,” ಎಂದೆ. ಲಿಫ್ಟ್ ಕೆಳಗಿಳಿದ ಮೇಲೆ ಚಿತ್ರದ ಕೆಳಗೆ ನಿಂತೆ. “ಹೋಗಿ ಬರ್ರಿ ಅತ್ತಿ,” ಎಂದೆ. ಸೇತುವೆಯ ಮೇಲೆ ಹೋಗಾಂವ ಒಬ್ಬನೇ ಇದ್ದ.