ದೊಡ್ಡವ್ವ ಎಳೆದ ಹಗ್ಗ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಮುಖದಲ್ಲಿ ನಗು ತೋರಿಸದೆ ಕೇಳುತ್ತಿದ್ದೆ, ಅಷ್ಟೇ. ಒಳಗೆ ನಗುತ್ತಿದ್ದೆ. ಸುರಪುರದ ನಮ್ಮ ಓಣಿಯಲ್ಲಿ ಮನೆಗೊಂದು ಇಂಥ ಕಥೆ ಇತ್ತು. ನಾನು ಇತಿಹಾಸ ಓದಿದವಳು, ಕಾಲೇಜಿನಲ್ಲಿ ಅದನ್ನೇ ಕಲಿಸುವವಳು. ಕಣ್ಣಾರೆ ಕಂಡೆ ಎನ್ನುವವರ ಮಾತನ್ನೇ ಮೊದಲು ಅನುಮಾನಿಸಬೇಕು ಎಂದು ವರ್ಷವರ್ಷವೂ ಹುಡುಗರಿಗೆ ಹೇಳುತ್ತೇನೆ. ನೆನಪನ್ನು ಪ್ರತಿ ಸಲ ಹೊರತೆಗೆದಾಗಲೂ ಅದು ಸ್ವಲ್ಪ ಬಣ್ಣ ಬಳಿದುಕೊಂಡೇ ಒಳಗೆ ಹೋಗುತ್ತದೆ. ಇದನ್ನು ಓದುವಾಗ ನೀವು ನನ್ನನ್ನೂ ಹಾಗೆಯೇ ಅನುಮಾನಿಸಬಹುದು. ಒಂದು ಮಾತ್ರ ನೆನಪಿಡಿ: ಇದು ನಡೆದದ್ದು ಕತ್ತಲಲ್ಲಿ ಅಲ್ಲ. ಹಾಡಹಗಲು, ತಲೆ ಸುಡುವ ಬಿಸಿಲಿನಲ್ಲಿ, ಜನ ತುಂಬಿದ ಕಡಲ ದಂಡೆಯ ಮೇಲೆ.

ಮೊದಲು ನಮ್ಮ ಬಾವಿಯ ವಿಷಯ ಹೇಳಬೇಕು. ಸುರಪುರದ ಹೊರಗೆ, ಗುಡ್ಡದ ಬುಡದ ನಮ್ಮ ಹೊಲದಲ್ಲಿ ಒಂದು ದೊಡ್ಡ ಬಾವಿ ಇದೆ. ಮೂರು ಕಡೆ ನೆಟ್ಟಗೆ ಕಡಿದ ಕಲ್ಲಿನ ಗೋಡೆ. ಪಾಚಿ ಹಿಡಿದು ಜಾರುತ್ತದೆ. ನಾಲ್ಕನೆಯ ಕಡೆ ಮಾತ್ರ ಪಾವಟಿಗೆಗಳು, ಅಂದರೆ ನೀರಿಗಿಳಿಯುವ ಮೆಟ್ಟಿಲುಗಳು. ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡವ್ವ, ಬೇಸಿಗೆಯ ಬೆಳಗಿನಲ್ಲಿ ಓಣಿಯ ಹೆಣ್ಣುಮಕ್ಕಳಿಗೆಲ್ಲ ಅಲ್ಲಿ ಈಜು ಕಲಿಸುತ್ತಿದ್ದಳು. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಬಾವಿಯ ಮೇಲೆ ನಿಂತ ದೊಡ್ಡವ್ವನ ಕೈಯಲ್ಲಿ.

ಆ ಹಗ್ಗಕ್ಕೆ ಒಂದು ಕಟ್ಟಳೆ ಇತ್ತು. ಅದರಿಂದ ಯಾರನ್ನೂ ಮೇಲೆತ್ತುವಂತಿಲ್ಲ. ಎತ್ತಿದರೆ ಹುಡುಗಿ ಹಗ್ಗವನ್ನು ನಂಬುತ್ತಾಳೆ, ಕೈಕಾಲನ್ನು ನಂಬುವುದಿಲ್ಲ ಎಂಬುದು ದೊಡ್ಡವ್ವನ ಲೆಕ್ಕ. ಹೊಸಬರು ಹೆದರಿದಾಗ ಹತ್ತಿರದ ಗೋಡೆಗೆ ಹೋಗಿ ಪಾಚಿಯನ್ನು ಪರಚುತ್ತಾರೆ, ಜಾರುತ್ತಾರೆ, ಮತ್ತೆ ಪರಚುತ್ತಾರೆ. ಆಗ ದೊಡ್ಡವ್ವ ಮೇಲೆ ನಡೆದು ಪಾವಟಿಗೆಯ ಕಡೆಗೆ ಬಂದು, ಅಲ್ಲಿಂದ ಎರಡು ಸಲ ಹಗ್ಗ ಜಗ್ಗುತ್ತಿದ್ದಳು. ಗೋಡೆ ಬಿಡು, ಈ ಕಡೆ ತಿರುಗು ಎಂದು ಅದರ ಅರ್ಥ. ಬಾಯಿಂದ ಏನೂ ಹೇಳುತ್ತಿರಲಿಲ್ಲ. ಬಾಯಿ ಬೈಯಲಿಕ್ಕೆ ಮಾತ್ರ ಇತ್ತು.

ನಾನು ಹಾಗೆ ಕಲಿತೆ. ನನ್ನ ತಂಗಿ ರೇಣುಕಾ ಕಲಿಯಲಿಲ್ಲ. ಮೊದಲ ದಿನವೇ ಪಾಚಿಯ ಮೇಲೆ ಜಾರಿ, ನೀರು ಕುಡಿದು, ಮನೆಗೆ ಓಡಿದವಳು ಮತ್ತೆ ಬಾವಿಯ ಕಡೆ ತಲೆ ಹಾಕಲಿಲ್ಲ. ಬುರುಡೆ ಕಟ್ಟಿಕೊಂಡ ಹುಡುಗಿಯರೆಲ್ಲ ಅವಳನ್ನು ಒಣ ಕಟ್ಟಿಗೆ ಎಂದು ಕರೆಯುತ್ತಿದ್ದರು. ಶಹಾಪುರಕ್ಕೆ ಮದುವೆಯಾಗಿ ಹೋದ ಮೇಲೂ ಆ ಹೆಸರು ಅವಳನ್ನು ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ನನಗೆ ಕಾರವಾರಕ್ಕೆ ವರ್ಗವಾಯಿತು. ನಮ್ಮ ಕಡೆಯವರಿಗೆ ಅದು ಬೇರೆಯೇ ದೇಶ. ಬೆಳಿಗ್ಗೆ ಕಿಟಕಿ ತೆರೆದರೆ ಉಪ್ಪು ವಾಸನೆಯ ಗಾಳಿ, ಒಗೆದ ಬಟ್ಟೆ ಸಂಜೆಯಾದರೂ ಹಸಿಹಸಿ. ತರಗತಿ ಮುಗಿದರೆ ಇಡೀ ಊರು ಮರಳಿನ ಮೇಲೆ ಇರುತ್ತಿತ್ತು. ಒಂದು ಕಡೆ ಕ್ರಿಕೆಟ್, ಒಂದು ಕಡೆ ವಾಲಿಬಾಲ್, ಗಾಳಿಮರಗಳ ಕೆಳಗೆ ಭೇಲ್ ತಿನ್ನುತ್ತ ಕೂತ ಸಂಸಾರಗಳು. ಭಾನುವಾರ ನಾನು ಸಹೋದ್ಯೋಗಿಗಳ ಜೊತೆ ದೋಣಿಯಲ್ಲಿ ಹೋಗುವುದು, ಗುಡ್ಡ ಹತ್ತುವುದು, ಈಜುವುದು ಎಲ್ಲ ಮಾಡುತ್ತಿದ್ದೆ. ಜೋಳದ ರೊಟ್ಟಿ ಒಂದನ್ನು ಬಿಟ್ಟರೆ ಯಾವುದರ ಕೊರತೆಯೂ ಅನ್ನಿಸಲಿಲ್ಲ.

ಆ ರೊಟ್ಟಿಯ ಗಂಟು ಹೊತ್ತುಕೊಂಡೇ ಬೇಸಿಗೆ ರಜೆಯಲ್ಲಿ ದೊಡ್ಡವ್ವ ಬಂದಳು. ಜೊತೆಗೆ ರೇಣುಕಾ ಮತ್ತು ಅವಳ ಗಂಡ ಬಸವರಾಜ. ಅವರು ಶಹಾಪುರದಲ್ಲಿ ಶಾಲಾ ಮಾಸ್ತರರು, ಸಾಧು ಮನುಷ್ಯ, ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡುವ ಅಭ್ಯಾಸ. ದೊಡ್ಡವ್ವ ಸಮುದ್ರ ನೋಡಿದ್ದು ಅದೇ ಮೊದಲು. ಸೀರೆ ಎತ್ತಿ ಹಿಡಿದು ನೀರಿನ ಅಂಚಿಗೆ ಹೋದಳು. ಆಮೇಲೆ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ತೂ ಎಂದು ಉಗುಳಿದಳು.

“ಇಷ್ಟು ನೀರು ಇಟ್ಕೊಂಡು ಒಂದು ಗುಟುಕು ಕುಡ್ಯಾಕ ಬರಂಗಿಲ್ಲಂದ್ರ ಇದ್ಯಾತರ ಶ್ರೀಮಂತಿಕಿ?” ಎಂದಳು.

ರೇಣುಕಾಗೆ ಒಂದೇ ಆಸೆ ಇತ್ತು. ಜೀವನದಲ್ಲಿ ಒಂದು ಸಲ ನೀರಿನ ಮೇಲೆ ತೇಲಬೇಕು. ನಾನು ಬೆನ್ನ ಕೆಳಗೆ ಕೈ ಕೊಟ್ಟು ಹಿಡಿಯುತ್ತೇನೆ ಎಂದು ಹೇಳಿದ್ದೆ. ತೆರೆಗಳು ಎತ್ತರಕ್ಕೆ ಎದ್ದು ಬೀಳುತ್ತಿದ್ದವು. ಅವಳು ಹೆದರಿ ಹಿಂದೆ ಸರಿಯುತ್ತಿದ್ದಳು. ಆಗ ದೊಡ್ಡವ್ವ ಸ್ವಲ್ಪ ದೂರದಲ್ಲಿ ಒಂದು ಜಾಗ ಕಂಡುಹಿಡಿದಳು. ಎರಡೂ ಬದಿಗೆ ತೆರೆ ಒಡೆಯುತ್ತಿದ್ದರೂ ನಡುವೆ ಒಂದು ಪಟ್ಟಿಯಷ್ಟು ನೀರು ಸಮತಟ್ಟಾಗಿತ್ತು.

“ಅಲ್ಲಿ ಯಾಕ ಬಡಿಸ್ಕೊಳ್ತೀರಿ? ಇಲ್ಲಿ ಬರ್ರಿ. ನೀರು ನಮ್ಮ ಬಾವಿಯಂಗ ಸುಮ್ಮಕ ಅದ,” ಎಂದು ಕೂಗಿದಳು.

ಕಡಲ ಕಡೆಯವರು ಯಾರೂ ಈ ತಪ್ಪು ಮಾಡುವುದಿಲ್ಲ. ತೆರೆ ಏಳದ ಜಾಗದಲ್ಲೇ ನೀರು ಒಳಕ್ಕೆ ಸೆಳೆಯುತ್ತದೆ ಎಂದು ಅಲ್ಲಿನ ಮಕ್ಕಳಿಗೂ ಗೊತ್ತು. ನಿಂತ ನೀರಿನಲ್ಲಿ ಬೆಳೆದ ನಮಗೆ ಮಾತ್ರ ಶಾಂತವಾದ ನೀರು ಎಂದರೆ ಒಳ್ಳೆಯ ನೀರು. ನಾನು ಎರಡು ವರ್ಷ ಅಲ್ಲಿದ್ದವಳು. ಆದರೂ ದೊಡ್ಡವ್ವ ನಮ್ಮ ಬಾವಿಯಂಗ ಎಂದ ಕೂಡಲೇ ನನಗೂ ಅದು ಬಾವಿಯಂತೆಯೇ ಕಂಡಿತು. ಕುಣಿಯುತ್ತ ಇಳಿದೆವು.

ಮೊಣಕಾಲು, ಆಮೇಲೆ ಸೊಂಟ. ರೇಣುಕಾ ನಗುತ್ತಿದ್ದಳು. ನಾನು ಅವಳ ಬೆನ್ನ ಕೆಳಗೆ ಕೈ ಇಟ್ಟೆ, ಅವಳು ತೇಲಿದಳು. “ಅಕ್ಕಾ, ತೇಲಾಕತ್ತೀನಿ!” ಎಂದು ಆಕಾಶ ನೋಡುತ್ತ ಚೀರಿದಳು. ಮರುಕ್ಷಣ ನನ್ನ ಕಾಲಕೆಳಗಿನ ಮರಳು ಜಾರಿಹೋಯಿತು. ಯಾರೋ ಜಮಖಾನೆ ಎಳೆದುಕೊಂಡ ಹಾಗೆ. ರೇಣುಕಾ ನನ್ನ ಕೈಯಿಂದ ತಪ್ಪಿ ಮುಂದೆ ಹೋದಳು. ನಾನು ಹಿಂದೆಯೇ ಹೋಗಿ ಅವಳ ಕುರ್ತಾ ಹಿಡಿದೆ. ತಿರುಗಿ ನೋಡಿದರೆ ದಂಡೆ ದೂರವಾಗಿತ್ತು. ದೊಡ್ಡವ್ವನ ಹಸಿರು ಸೀರೆ ಒಂದು ಎಲೆಯಷ್ಟು ಕಾಣುತ್ತಿತ್ತು.

ನಾನು ಆ ಎಲೆಯ ಕಡೆಗೆ ನೇರ ಈಜತೊಡಗಿದೆ. ಒಂದು ತೋಳು ರೇಣುಕಾಳ ಹಿಡಿತದಲ್ಲಿ, ಇನ್ನೊಂದರಿಂದ ನೀರು ಬಡಿಯುವುದು. ಎಷ್ಟು ಬಡಿದರೂ ಎಲೆ ದೊಡ್ಡದಾಗಲಿಲ್ಲ. ಇನ್ನೂ ಚಿಕ್ಕದಾಯಿತು. ರೇಣುಕಾ ಎರಡು ಸಲ ಮುಳುಗಿ ಎದ್ದಳು; ಎದ್ದಾಗ ಕಣ್ಣು ಬಿಳಿಯಾಗಿತ್ತು. ಅವಳನ್ನು ಬಿಟ್ಟರೆ ನಾನು ಉಳಿಯಬಹುದು ಎಂಬ ಯೋಚನೆ ಬಂತೋ ಇಲ್ಲವೋ ನನಗೆ ಖಚಿತವಿಲ್ಲ. ಬರಲಿಲ್ಲ ಎಂದು ಹೇಳಿಕೊಳ್ಳುವುದು ಇಷ್ಟ. ನನ್ನ ಕೈ ಸೋಲುತ್ತಿದ್ದುದು ಮಾತ್ರ ನಿಜ.

ಆಗ ನನ್ನ ಸೊಂಟವನ್ನು ಯಾರೋ ಜಗ್ಗಿದರು.

ಎಡ ಪಕ್ಕದಿಂದ, ಎರಡು ಸಲ. ಗಟ್ಟಿಯಾಗಿ, ಸಿಟ್ಟಿನಿಂದ ಜಗ್ಗಿದಂತೆ. ಮೈ ಯೋಚಿಸಲಿಲ್ಲ, ತಿರುಗಿತು. ದೊಡ್ಡವ್ವ ಮೊದಲು ನಿಂತಿದ್ದ ಜಾಗ ಬಿಟ್ಟು, ದಂಡೆಯನ್ನು ಬಿಟ್ಟು, ಗಾಳಿಮರಗಳಿದ್ದ ದಿಕ್ಕಿಗೆ ಅಡ್ಡಡ್ಡ ಈಜತೊಡಗಿದೆ. ಸೊಂಟದಲ್ಲಿ ಆ ಬಿಗಿ ಹಾಗೆಯೇ ಇತ್ತು; ಎತ್ತುವ ಬಿಗಿ ಅಲ್ಲ, ದಾರಿ ತಪ್ಪದ ಹಾಗೆ ಹಿಡಿದ ಬಿಗಿ. ಸ್ವಲ್ಪ ಹೊತ್ತಿಗೆ ನೀರು ಒರಟಾಯಿತು. ತೆರೆಯೊಂದು ಹಿಂದಿನಿಂದ ಬಂದು ನಮ್ಮಿಬ್ಬರನ್ನೂ ಎತ್ತಿ ಮುಂದಕ್ಕೆ ಎಸೆಯಿತು. ಅದರ ಹಿಂದೆ ಇನ್ನೊಂದು. ಕಾಲಿಗೆ ಮರಳು ತಾಗಿತು. ಲೈಫ್‌ಗಾರ್ಡ್ ಹಲಗೆ ಹಿಡಿದು ನಮ್ಮ ಹತ್ತಿರ ಬರುವ ಹೊತ್ತಿಗೆ ನಾವು ಎದೆಮಟ್ಟದ ನೀರಿನಲ್ಲಿ ನಿಂತಿದ್ದೆವು. ದಂಡೆಯ ಮೇಲೆ ಜನ ಚಪ್ಪಾಳೆ ಹೊಡೆದರು. ರೇಣುಕಾ ಕೆಮ್ಮಿದಳು, ಕಾರಿದಳು, ಆಮೇಲೆ, ನಂಬುತ್ತೀರೋ ಇಲ್ಲವೋ, ನಕ್ಕಳು. ನನ್ನ ಬಾಯಲ್ಲೂ ನಗು ಬಂತು. ಇಡೀ ಸಮುದ್ರವನ್ನು ಹೊಡೆದು ಬಂದವರ ನಗು ಅದು.

ದೊಡ್ಡವ್ವ ನೀರಿಗೇ ಬಂದು ಇಬ್ಬರ ಬೆನ್ನಿಗೂ ಬಾರಿಸಿದಳು. “ಇಬ್ಬರಿಗೂ ಕೂಡಿ ಒಂದು ಬುದ್ಧಿ ಇಲ್ಲ! ಏ ಲೆಕ್ಚರರ್ ಬಾಯಿ, ದಂಡಿಗೆ ಯಾಕ ಬಡ್ಕೊಳ್ಳಾಕತ್ತಿದ್ದಿ? ಎರಡು ಸಲ ಜಗ್ಗಿದ ಮ್ಯಾಲ ತಿರಗಿದಿ ನೋಡು!”

“ಏನು ಜಗ್ಗಿದಿ, ದೊಡ್ಡವ್ವಾ?” ಎಂದೆ.

“ಹಗ್ಗ. ಮತ್ತೇನು?”

ಹಾಗೆಂದವಳು ತನ್ನ ಕೈ ನೋಡಿಕೊಂಡಳು. ಆಮೇಲೆ ಹಿಂದಿರುಗಿ, ತಾನು ನಿಂತಿದ್ದ ಮರಳನ್ನು ನೋಡಿದಳು, ಏನನ್ನೋ ಬೀಳಿಸಿಕೊಂಡವರು ಹುಡುಕುವ ಹಾಗೆ. ಅಲ್ಲಿ ಅವಳ ಚಪ್ಪಲಿಗಳು ಮಾತ್ರ ಇದ್ದವು.

ಮನೆಗೆ ಬಂದ ಮೇಲೆ ಬಸವರಾಜ ತಮ್ಮ ಮೊಬೈಲ್ ತೆಗೆದರು. ನಾವು ನೀರಿಗಿಳಿದಾಗ ಶುರುಮಾಡಿದ ವಿಡಿಯೊವನ್ನು ಗಾಬರಿಯಲ್ಲಿ ನಿಲ್ಲಿಸಿರಲಿಲ್ಲ. ಚಿತ್ರ ಅಲುಗಾಡುತ್ತಿತ್ತು, ಆಕಾಶ, ಅವರ ಕಾಲು, ಮತ್ತೆ ಆಕಾಶ. ನಡುವೆ ಒಂದಿಷ್ಟು ಹೊತ್ತು ದೊಡ್ಡವ್ವ ಪೂರ್ತಿ ಕಾಣುತ್ತಾಳೆ. ಸೀರೆ ಕಚ್ಚೆ ಹಾಕಿಕೊಂಡು ಗಾಳಿಮರಗಳ ಕಡೆಗೆ ಸರಸರ ನಡೆಯುತ್ತಾಳೆ, ಬಾವಿಯ ಮೇಲೆ ನಡೆಯುತ್ತಿದ್ದ ಹಾಗೆಯೇ. ನಿಲ್ಲುತ್ತಾಳೆ. ಹಿಮ್ಮಡಿ ಮರಳಿಗೆ ಊರುತ್ತಾಳೆ. ಖಾಲಿ ಕೈಗಳನ್ನು ಎರಡು ಸಲ ಜಗ್ಗುತ್ತಾಳೆ. ಆಮೇಲೆ ಹಿಂದಕ್ಕೆ ವಾಲಿ ಹಾಗೆಯೇ ನಿಲ್ಲುತ್ತಾಳೆ.

ಆ ವಾಲುವಿಕೆಯೇ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಎದುರಿನಿಂದ ಭಾರವೊಂದು ಎಳೆಯದೆ ಹೋದರೆ ಮನುಷ್ಯ ಅಷ್ಟು ಹಿಂದಕ್ಕೆ ವಾಲಿ ನಿಲ್ಲಲಾರ. ನಾನು ಮಂಚದ ಮುಂದೆ ನಿಂತು ಹಾಗೆ ವಾಲಿ ನೋಡಿದೆ. ಹಾಸಿಗೆಯ ಮೇಲೆ ಬಿದ್ದೆ. ಬಸವರಾಜ ಪ್ರಯತ್ನಿಸಿದರು, ಅವರೂ ಬಿದ್ದರು. ರೇಣುಕಾ ಬಿದ್ದು ಬಿದ್ದು ನಗುತ್ತಿದ್ದಳು. ಅಷ್ಟರಲ್ಲಿ ದೊಡ್ಡವ್ವ ಅಡಿಗೆಮನೆಯಿಂದ ಬಂದು ಮೊಬೈಲಿಗೆ ಇಣುಕಿದಳು.

“ಇದೇನ್ರೀ ಬಸವರಾಜ್ರ, ನಾ ಕಚ್ಚಿ ಹಾಕ್ಕೊಂಡು ನಿಂತಿದ್ದು ಶಹಾಪುರ ಮಂದಿಗೆಲ್ಲ ತೋರಸ್ತೀರೇನು? ಅಳಸ್ರಿ ಅದನ್ನ.”

“ಇರ್ಲಿ ಬಿಡ್ರಿ ದೊಡ್ಡವ್ವಾರ, ಯಾರಿಗೂ ತೋರಸಂಗಿಲ್ಲ.”

“ನನ್ನ ಕಣ್ಣ ಮುಂದ ಅಳಸ್ರಿ. ಆಮ್ಯಾಗ ಊಟ.”

ಅವರು ಅಳಿಸಿದರು. ಹಸಿದ ಅಳಿಯ ಬೇರೆ ಏನು ಮಾಡಬಲ್ಲ?

ಹೀಗಾಗಿ ಈಗ ಉಳಿದಿರುವುದು ನಮ್ಮ ನೆನಪುಗಳು ಮಾತ್ರ, ಅವೂ ಒಂದಕ್ಕೊಂದು ಹೊಂದುವುದಿಲ್ಲ. ದೊಡ್ಡವ್ವನ ಅಂಗೈಯಲ್ಲಿ ಹಗ್ಗ ಉಜ್ಜಿದ ಕೆಂಪು ಗೆರೆ ಇತ್ತು ಎಂದು ರೇಣುಕಾ ಆಣೆ ಮಾಡುತ್ತಾಳೆ. ನಾನು ಅದನ್ನು ನೋಡಿದ ನೆನಪಿಲ್ಲ. ವಿಡಿಯೊದಲ್ಲಿ ದೊಡ್ಡವ್ವ ಅಷ್ಟೇನೂ ವಾಲಿರಲಿಲ್ಲ ಎಂದು ಬಸವರಾಜ ಈಗ ಹೇಳುತ್ತಾರೆ. ಅಂದು ಅವರೇ ಹಾಸಿಗೆಯ ಮೇಲೆ ಬಿದ್ದದ್ದನ್ನು ನೆನಪಿಸಿದರೆ ಮಾತು ಬದಲಿಸುತ್ತಾರೆ. ಆ ಸಂಜೆ ಕನ್ನಡಿಯ ಮುಂದೆ ನಿಂತು ನನ್ನ ಸೊಂಟ ನೋಡಿಕೊಂಡೆ. ಅಲ್ಲಿ ಯಾವ ಗುರುತೂ ಇರಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡಬಾರದು.

ವಿವರಣೆಗಳು ನನಗೂ ಹೊಳೆದಿವೆ. ಸೆಳೆತಕ್ಕೆ ಸಿಕ್ಕರೆ ದಂಡೆಗೆ ಸಮಾನಾಂತರವಾಗಿ ಈಜಿ ಎಂದು ಅಲ್ಲೇ ಒಂದು ಫಲಕ ಇತ್ತು. ಎಷ್ಟೋ ಸಲ ಅದರ ಪಕ್ಕದಲ್ಲಿ ಕೂತು ಭೇಲ್ ತಿಂದಿದ್ದೇನೆ. ಅದು ನನ್ನ ತಲೆಯೊಳಗೆ ಎಲ್ಲೋ ಇದ್ದಿರಬಹುದು. ಅಥವಾ ಚಿಕ್ಕಂದಿನ ಹಗ್ಗವನ್ನು ಮೈ ತಾನೇ ನೆನೆಸಿಕೊಂಡಿರಬಹುದು. ದೊಡ್ಡವ್ವನ ಕೈಗಳೂ ಹಳೆಯ ಅಭ್ಯಾಸದಿಂದ ತಾವಾಗಿಯೇ ಆಡಿರಬಹುದು. ಒಂದೊಂದನ್ನೂ ಬೇರೆಬೇರೆಯಾಗಿ ಒಪ್ಪುತ್ತೇನೆ. ಆದರೆ ಅವಳು ಜಗ್ಗಿದ ದಿಕ್ಕಿನಿಂದಲೇ, ಅಷ್ಟೇ ಸಲ, ನನಗೆ ಬಿಗಿ ಬಂದದ್ದು? ಸಮುದ್ರಕ್ಕೆ ಪಾವಟಿಗೆ ಯಾವ ಕಡೆ ಎಂದು ಅವಳಿಗೆ ಹೇಗೆ ಗೊತ್ತು? ಕೇಳಿದರೆ, “ನನಗೇನು ಗೊತ್ತು? ಹಗ್ಗ ಆ ಕಡಿ ಹೊಂಟಿತ್ತು,” ಎನ್ನುತ್ತಾಳೆ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಹೇಳದೆ ರೇಣುಕಾ ತಾನೇ ತಯಾರಾಗಿ ನಿಂತಳು. ಲೈಫ್‌ಗಾರ್ಡ್ ತೋರಿಸಿದ ಜಾಗದಲ್ಲಿ, ತೆರೆ ಒಡೆಯುವ ಕಡೆ, ಮೂವರೂ ಕೈ ಹಿಡಿದು ಇಳಿದೆವು. ಪ್ರತಿ ತೆರೆಗೂ ದೊಡ್ಡವ್ವ “ಬಾ ನಿನ್ನವ್ವನ!” ಎಂದು ಕೂಗುತ್ತಿದ್ದಳು. ಅಕ್ಕಪಕ್ಕದ ಹುಡುಗರೂ ಅದನ್ನೇ ಕಲಿತು ಕೂಗಿದರು.

ಈಗ ನಾನು ಮತ್ತೆ ವರ್ಗವಾಗಿ ಶಹಾಪುರದಲ್ಲಿದ್ದೇನೆ. ಹೋದ ಬೇಸಿಗೆಯಲ್ಲಿ ರೇಣುಕಾ, ಎರಡು ಮಕ್ಕಳ ತಾಯಿ, ಸುರಪುರದ ಬಾವಿಗೆ ಇಳಿದಳು. ಸೋರೆಬುರುಡೆಯ ಬದಲು ಬೆನ್ನಿಗೆ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿ. ದಿನವೂ ಬೈಗುಳ, ದಿನವೂ ನೀರು ಕುಡಿಯುವುದು. ಕೊನೆಗೊಂದು ಬೆಳಿಗ್ಗೆ ಡಬ್ಬಿ ಬಿಚ್ಚಿದಳು, ಹಗ್ಗವನ್ನೂ ಬಿಚ್ಚಿ ಎಸೆದಳು. ಎದುರು ಗೋಡೆಗೆ ಹೋಗಿ, ಪಾಚಿಯನ್ನು ಮುಟ್ಟಿ, ಯಾರೂ ಹೇಳದೆ ತಿರುಗಿ, ನಡುಬಾವಿಯಲ್ಲಿ ಒಮ್ಮೆ ತಡೆದು, ಕಾಲು ಬಡಿದು, ಪಾವಟಿಗೆಯನ್ನು ಅಪ್ಪಿಕೊಂಡಳು. ಅವಳ ಕೂಗು ಗುಡ್ಡಕ್ಕೆ ಬಡಿದು ತಿರುಗಿ ಬಂತು. “ಒಣ ಕಟ್ಟಿಗಿ ತೇಲ್ತದಲೇ!” ಎಂದು ದೊಡ್ಡವ್ವ ಬಾವಿಯ ಮೇಲೆ ನಿಂತು ಕುಣಿದಳು.

ರೇಣುಕಾ ನಡುವೆ ತಡೆದ ಆ ಗಳಿಗೆಯಲ್ಲಿ ನಾನು ಅವಳನ್ನು ನೋಡಲಿಲ್ಲ. ದೊಡ್ಡವ್ವನ ಕೈಗಳನ್ನು ನೋಡುತ್ತಿದ್ದೆ. ಅವೆರಡೂ ಅವಳ ಸೊಂಟದ ಮೇಲೆ ಸುಮ್ಮನಿದ್ದವು. ಅದನ್ನು ಕಂಡು ನನಗೆ ಸಮಾಧಾನವಾಯಿತೋ ನಿರಾಸೆಯಾಯಿತೋ, ಇನ್ನೂ ತಿಳಿದಿಲ್ಲ.